ಇಳಿಯಬಲ್ಲ ಅಂಕೆ

ಉಡುಪಿ ಕುಂಜಿಬೆಟ್ಟಿನ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಡನೆ, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಮಂಗಳೂರಿನ ಚೆಸ್ ಪಂದ್ಯಾವಳಿಯೊಂದರಲ್ಲಿ 1520 ರೇಟಿಂಗಿನ (ಆಟದ ಶಕ್ತಿಯನ್ನು ಸೂಚಿಸುವ ಅಂಕೆ) ಅವರು 1432 ರೇಟಿಂಗಿನ ಒಂಬತ್ತು ವರ್ಷದ ಹುಡುಗನಿಗೆ ಸೋತು 12 ಅಂಕ ಕಳೆದುಕೊಂಡರಂತೆ. ಹುಡುಗನಿಗೆ ಮಾತ್ರ 25 ಅಂಕ ದಕ್ಕಿತಂತೆ. ಹವ್ಯಾಸಿಗಳಿಗೆ ರೇಟಿಂಗಿನ ಕಾಟವೇ ಬೇಡ, ದಶಕಗಳಿಂದ ಆಡುತ್ತ ಬಂದ ಹಿರಿಯರಿಗೆ ಗೌರವದ ಒಂದು ಬಿರುದು ಕೊಟ್ಟರೆ ಸಾಲದೆ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಅಸಮಾಧಾನದಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಪಂದ್ಯಾವಳಿಯ ಜಗಲಿಯಲ್ಲಿ ಮೊಬೈಲಿನಲ್ಲಿ ಲೆಕ್ಕ ಹಾಕುತ್ತ ನಿಂತ ತಂದೆತಾಯಂದಿರನ್ನೂ, ಗೆದ್ದು ಹೊರಬಂದ ಮಗು ‘ಎಷ್ಟು ಸಿಕ್ಕಿತು?’ ಎಂದು ಮೊದಲು ಕೇಳುವುದನ್ನೂ ನಾನು ಕಂಡವನೇ. ಅಷ್ಟನ್ನು ಒಪ್ಪಿಕೊಂಡು, ಉಳಿದದ್ದನ್ನು ಒಪ್ಪದಿರಲು ನನಗೆ ಅನುಮತಿ ಕೊಡಬೇಕು.

ಮೊದಲು ನಿಮ್ಮ 12 ಅಂಕಗಳ ವಿಚಾರ. ಎದುರಾಳಿಗಿಂತ 88 ಅಂಕ ಮುಂದಿರುವವರು ನೂರು ಆಟಗಳಲ್ಲಿ 62 ಪಾಯಿಂಟ್, ಅಂದರೆ ಆಟಕ್ಕೆ 0.62, ಗಳಿಸಬೇಕೆಂಬುದು ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆಯ ಕೋಷ್ಟಕದ ನಿರೀಕ್ಷೆ. ಸೋತಾಗ ಆ 0.62ನ್ನು ನಿಮ್ಮ ಗುಣಕವಾದ 20ರಿಂದ ಗುಣಿಸುತ್ತಾರೆ; ನೀವು ಕಳೆದುಕೊಂಡ 12 ಅದೇ. ಹದಿನೆಂಟು ತುಂಬದವರಿಗೆ, ರೇಟಿಂಗ್ 2300ರೊಳಗಿರುವ ತನಕ, ಗುಣಕ 40. ಬೆಳೆಯುವ ಮಕ್ಕಳ ಶಕ್ತಿ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅವರ ಅಂಕೆಯೂ ಬೇಗ ಓಡಬೇಕೆಂಬುದೇ ಇದರ ಉದ್ದೇಶ. ಮೋಸವೇನೂ ನಡೆದಿಲ್ಲ. ಇನ್ನೊಂದು ಮಾತು: ನಿಮ್ಮ ರೇಟಿಂಗ್ ಹಿಂದೆ 1200 ಇತ್ತೆಂದು ನೀವೇ ಬರೆದಿದ್ದೀರಿ. 2024ರ ಮಾರ್ಚ್‌ನಲ್ಲಿ ಫಿಡೆಯು 2000ಕ್ಕಿಂತ ಕೆಳಗಿದ್ದವರಿಗೆಲ್ಲ, 2000ಕ್ಕೆ ಕೊರತೆಯಿದ್ದ ಅಂಕಗಳಲ್ಲಿ ಶೇಕಡಾ 40ರಷ್ಟನ್ನು ಸೇರಿಸಿಕೊಟ್ಟಿತು. ಒಂದು ಕಾಲಾಳನ್ನೂ ಮುಂದಿಡದೆ ನೀವು 320 ಅಂಕ ಪಡೆದ ಆ ತಿಂಗಳು ನಮಗೆ ನಿಮ್ಮಿಂದ ಯಾವ ಪತ್ರವೂ ಬಂದ ನೆನಪಿಲ್ಲ.

ರೇಟಿಂಗ್ ಪದ್ಧತಿಯನ್ನು ರೂಪಿಸಿದ ಆರ್ಪಾಡ್ ಈಲೋ, ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕರು. ಅಮೆರಿಕದ ಚೆಸ್ ಸಂಸ್ಥೆ 1960ರಲ್ಲಿ, ಫಿಡೆ 1970ರಲ್ಲಿ ಅದನ್ನು ಸ್ವೀಕರಿಸಿದವು. ನೀರಿನಲ್ಲಿ ಕುಣಿಯುವ ಬೆಂಡನ್ನು ಗಾಳಿಗೆ ಓಲಾಡುವ ಹಗ್ಗಕ್ಕೆ ಕಟ್ಟಿದ ಅಳತೆಕೋಲಿನಿಂದ ಅಳೆಯುವ ಕೆಲಸವಿದು ಎಂದು ಅವರೇ ಹೇಳಿದ್ದುಂಟು. ಅಂಥ ಅಳತೆಗೆ ಅವಮಾನ ಮಾಡುವ ಶಕ್ತಿಯೆಲ್ಲಿಂದ ಬಂತು?

ನನಗೆ ಅದು ಪ್ರಿಯವಾಗಿರುವುದು ಬೇರೆ ಕಾರಣಕ್ಕೆ: ಅದು ಇಳಿಯುತ್ತದೆ. ಬಿರುದು ಇಳಿಯುವುದಿಲ್ಲ. ಒಮ್ಮೆ 2300 ಮುಟ್ಟಿ ಫಿಡೆ ಮಾಸ್ಟರ್ ಆದವರು ಮುಂದೆ 1900ಕ್ಕೆ ಜಾರಿದರೂ ಮಾಸ್ಟರರೇ. ಹಾಗೆಂದು ಬಿರುದು ಬಾರದವರ ಆಟ ಸಣ್ಣದೆನ್ನೋಣವೆ? ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನು ಸೋಲಿಸಿದರು. 1950ರಲ್ಲಿ ಫಿಡೆ ಮೊದಲ ಬಾರಿಗೆ ಗ್ರ್ಯಾಂಡ್‌ಮಾಸ್ಟರ್ ಬಿರುದು ಹಂಚಿದಾಗ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅವರು ತೀರಿಕೊಂಡದ್ದು 1966ರಲ್ಲಿ. ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಬಂದದ್ದು 2024ರಲ್ಲಿ.

ನಮ್ಮ ಕರಾವಳಿಗೆ ಬಿರುದಿನ ಬರವಿದೆಯೆ, ಹೇಳಿ. ಪುರಭವನದಿಂದ ದೇವಸ್ಥಾನದ ಸಭಾಭವನದ ತನಕ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿತ್ತು ಸನ್ಮಾನಪತ್ರ ಓದದ ಭಾನುವಾರವೇ ಇಲ್ಲ. ಅವುಗಳ ಫೋಟೋಗಳು ಈ ಕಚೇರಿಗೂ ಬರುತ್ತವೆ, ಎಷ್ಟೋ ಸಲ ಸನ್ಮಾನಿತರೇ ಬರೆದುಕೊಟ್ಟ ಪರಿಚಯದೊಡನೆ. ಸಾಹಿತಿಗೆ, ಸಮಾಜಸೇವಕನಿಗೆ, ಕಡೆಗೆ ಸಂಪಾದಕನಿಗೂ ಒಮ್ಮೆ ಅಂಟಿದ ವಿಶೇಷಣ ಕಳಚುವುದಿಲ್ಲ. ಹೋದ ತಿಂಗಳು ನೀವೇನು ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ. ಶಿಫಾರಸು ನಡೆಯದ, ವಯಸ್ಸಿಗೆ ಮಣಿಯದ ಒಂದು ಅಂಕೆ ಚೆಸ್ಸಿನಲ್ಲಾದರೂ ಉಳಿದಿರುವಾಗ, ಅಲ್ಲಿಗೂ ಶಾಲು ತರಬೇಕೆನ್ನುತ್ತೀರಾ?

ನಾಲ್ಕು ಪುಟಗಳಲ್ಲಿ ಆ ಆಟದ ಒಂದು ನಡೆಯೂ ಇಲ್ಲ. ಆನೆ ಕೈತಪ್ಪಿತೆಂಬ ಅರ್ಧ ವಾಕ್ಯವಷ್ಟೇ ಇದೆ. ನಡೆಗಳನ್ನು ಬರೆದಿಟ್ಟ ಸ್ಕೋರ್‌ಶೀಟಿನ ಪ್ರತಿ ನಿಮ್ಮಲ್ಲಿರಲೇಬೇಕು. ಕಳುಹಿಸಿಕೊಡಿ, ಹುಡುಗನ ಮನೆಯವರು ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಪೂರ್ತಿ ಆಟವನ್ನು ಅಚ್ಚು ಮಾಡುತ್ತೇವೆ.