ಮೀಸಲಾತಿಗೂ ಮುಂಚಿನ ಮಹಿಳಾ ಮೇಯರ್‌ಗಳು

ಪ್ರಶ್ನೆ: ಮೀಸಲಾತಿ ಬರುವ ಮೊದಲೂ ನಗರಾಡಳಿತದಲ್ಲಿ ಮಹಿಳೆಯರಿದ್ದರೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತವಾಗಿಯೂ ಇದ್ದರು. 1957ರಲ್ಲಿ ತಾರಾ ಚೆರಿಯನ್ ಮದರಾಸಿನ ಮೇಯರ್ ಆದರು. ಮರುವರ್ಷ, 1942ರ ಚಳವಳಿಯಲ್ಲಿ ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಧ್ವಜ ಹಾರಿಸಿದ್ದ ಅರುಣಾ ಆಸಫ್ ಅಲಿಯವರು ದೆಹಲಿಯ ಮೊದಲ ಮೇಯರ್ ಆಗಿ ಆಯ್ಕೆಯಾದರು. ಮಹಿಳೆಯರಲ್ಲಷ್ಟೇ ಅಲ್ಲ, ಆ ನಗರಪಾಲಿಕೆಗೇ ಅವರು ಮೊದಲಿಗರು ಎಂಬುದನ್ನು ಒತ್ತಿ ಹೇಳಬೇಕು. ಕನಿಷ್ಠ ಮೂರನೇ ಒಂದರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟ ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ಬೀದಿ ನಲ್ಲಿಯ ಮುಂದೆ ಕೊಡಗಳನ್ನು ಸಾಲಿಗಿಟ್ಟು ನಸುಕಿನಿಂದ ಕಾಯುವವರಿಗೆ, ನೀರು ಬಿಡುವ ವೇಳೆಯನ್ನು ನಿರ್ಧರಿಸುವ ಸಭೆಯಲ್ಲಿ ಕುರ್ಚಿ ಸಿಗಲು ಅಷ್ಟು ವರ್ಷ ಬೇಕಾಯಿತೆಂಬುದು ನನಗೆ ಇಂದಿಗೂ ನೋವಿನ ಸಂಗತಿ. ನಿಮ್ಮೂರಿನ ನಗರಸಭೆ 2007ರಲ್ಲಿ ಮಹಾನಗರ ಪಾಲಿಕೆಯಾದಾಗ ಈ ಮೀಸಲಾತಿ ಆಗಲೇ ಜಾರಿಯಲ್ಲಿತ್ತು.