ಮುಖ ತೋರಿಸದೆ ಖುಷಿ ತೋರಿಸುವ ಪುಡೋವ್ಕಿನ್

ಪ್ರಶ್ನೆ: ಗಾರ್ಕಿಯ ‘ತಾಯಿ’ ಕಾದಂಬರಿಯನ್ನು ಕನ್ನಡದಲ್ಲಿ ಓದಿದ್ದೆ. ಈಚೆಗೆ ಅದರ 1926ರ ಮೂಕಿ ಚಿತ್ರ ನೋಡಿದೆ. ಜೈಲಿನಲ್ಲಿರುವ ಮಗನ ಕೈಗೆ ಚೀಟಿ ಸಿಕ್ಕ ಕೂಡಲೇ ತೊರೆ, ಹಕ್ಕಿ, ನಗುವ ಮಗು ಯಾಕೆ ಬರುತ್ತವೆ? ಆಮೇಲೆ ನದಿಯ ಮಂಜುಗಡ್ಡೆ ಬೇರೆ. ಇದು ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್ ಶೈಲಿಯೇ? ಕಥೆಯನ್ನೂ ಬದಲಿಸಿದ್ದಾರಾ?

ಉತ್ತರ: ಐಸೆನ್‌ಸ್ಟೈನ್ ಶೈಲಿ ಅಲ್ಲ. ನಿರ್ದೇಶಕ ಪುಡೋವ್ಕಿನ್ ದಾರಿಯೇ ಬೇರೆ.

ಚೀಟಿಯಲ್ಲಿರುವುದು ನಾಳೆ ಜೈಲಿನಿಂದ ಹೊರಬರಬಹುದು ಎಂಬ ಸುದ್ದಿ. ಮಗ ಪಾವೆಲ್‌ನ ಪಾತ್ರ ಮಾಡಿದ ಬತಾಲೋವ್ ಮುಖದ ಮೇಲೆ ನಗು ತರಿಸಿದ್ದರೆ ಸಾಕಿತ್ತು, ಅಲ್ವಾ? ಅದು ಸಪ್ಪೆಯಾಗುತ್ತಿತ್ತು ಎಂದು ಪುಡೋವ್ಕಿನ್ ಅವರೇ ಬರೆದಿದ್ದಾರೆ. ಹಾಗಾಗಿ ಚಡಪಡಿಸುವ ಕೈ ತೋರಿಸಿದರು, ತುಟಿಯ ಅಂಚು ತೋರಿಸಿದರು. ಮಧ್ಯೆ ವಸಂತದ ತೊರೆ, ನೀರಿನ ಮೇಲಿನ ಬಿಸಿಲು, ಮಗುವಿನ ನಗು ಸೇರಿಸಿದರು. ಬಿಡಿ ಶಾಟ್‌ಗಳು ಒಂದಕ್ಕೊಂದು ಕೂಡಿಕೊಂಡು ಭಾವನೆ ಕಟ್ಟುತ್ತವೆ. ಮಗು ಸ್ವಲ್ಪ ಜಾಸ್ತಿಯಾಯಿತು ಅನ್ನುವುದು ನನ್ನ ಅನಿಸಿಕೆ.

ಐಸೆನ್‌ಸ್ಟೈನ್‌ಗೆ ಶಾಟ್‌ಗಳು ಡಿಕ್ಕಿ ಹೊಡೆಯಬೇಕು. ಅವರ 1925ರ ‘ಸ್ಟ್ರೈಕ್’ನಲ್ಲಿ ಕಾರ್ಮಿಕರನ್ನು ಕೊಲ್ಲುವಾಗ ನಡುನಡುವೆ ಕಸಾಯಿಖಾನೆಯಲ್ಲಿ ಎತ್ತನ್ನು ಕಡಿಯುವುದು ಕಾಣುತ್ತದೆ. ಆ ಎತ್ತಿಗೂ ಕಥೆಗೂ ಸಂಬಂಧವೇ ಇಲ್ಲ. ಪುಡೋವ್ಕಿನ್‌ರ ಮಂಜುಗಡ್ಡೆ ಹಾಗಲ್ಲ. ಮೊದಲು ಒಡೆಯುವ ಮಂಜು ಬರೀ ಹೋಲಿಕೆಯಂತೆ ಕಾಣುತ್ತದೆ. ಜನ ಮೆರವಣಿಗೆ ಹೊರಟಿದ್ದಾರೆ, ನದಿಯೂ ಹೊರಟಿದೆ. ನೋಡನೋಡುತ್ತ ಅದೇ ನದಿ ಕಥೆಯೊಳಗೆ ಬರುತ್ತದೆ. ಜೈಲಿನಿಂದ ತಪ್ಪಿಸಿಕೊಂಡ ಪಾವೆಲ್ ತೇಲುವ ಗಡ್ಡೆಗಳ ಮೇಲೆ ಜಿಗಿಯುತ್ತ ಅದನ್ನು ದಾಟುತ್ತಾನೆ. ಅಮೆರಿಕದ ನಿರ್ದೇಶಕ ಗ್ರಿಫಿತ್ 1920ರಲ್ಲೇ ಮಂಜುಗಡ್ಡೆಯ ಸಾಹಸ ತೆಗೆದಿದ್ದರು, ನಿಜ. ಆದರೆ ಒಂದೇ ನದಿಯಿಂದ ಎರಡು ಕೆಲಸ ಮಾಡಿಸಿದ್ದು ಪುಡೋವ್ಕಿನ್.

ಇನ್ನೊಮ್ಮೆ ನೋಡುವಾಗ ಕ್ಯಾಮೆರಾ ಎಲ್ಲಿದೆ ಅಂತ ಗಮನಿಸಿ. ಛಾಯಾಗ್ರಾಹಕ ಗೊಲೊವ್ನ್ಯಾ ಶುರುವಿನಲ್ಲಿ ತಾಯಿಯನ್ನು ಮೇಲಿನಿಂದ ತೋರಿಸುತ್ತಾರೆ. ಅವಳು ಕುಗ್ಗಿಹೋದಂತೆ ಕಾಣುತ್ತಾಳೆ. ಕೊನೆಯಲ್ಲಿ ಬಾವುಟ ಹಿಡಿದಾಗ ಕ್ಯಾಮೆರಾ ಕೆಳಗಿಳಿಯುತ್ತದೆ.

ಕಥೆ ಬದಲಾಗಿದೆ, ಅದೂ ಚೆನ್ನಾಗಿಯೇ. ಕಾದಂಬರಿಯಲ್ಲಿ ಅಪ್ಪ ಕಾಯಿಲೆಯಿಂದ ಸಾಯುತ್ತಾನೆ. ಚಿತ್ರದಲ್ಲಿ ಮುಷ್ಕರ ಮುರಿಯುವವರ ಜೊತೆ ಹೋಗಿ, ಮಗನ ಕಡೆಯವರೊಂದಿಗಿನ ಗಲಾಟೆಯಲ್ಲಿ ಸಾಯುತ್ತಾನೆ. ಮಗ ಬಚ್ಚಿಟ್ಟ ಬಂದೂಕುಗಳನ್ನು ತಾಯಿಯೇ ಪೊಲೀಸರಿಗೆ ತೆಗೆದುಕೊಡುತ್ತಾಳೆ, ಹಾಗಾದರೂ ಅವನನ್ನು ಬಿಟ್ಟಾರು ಎಂದು ನಂಬಿ. ಚಿತ್ರಕಥೆಗಾರ ಜಾರ್ಖಿ ಸೇರಿಸಿದ ಈ ಘಟನೆಯೇ ಸಿನಿಮಾದ ಬೆನ್ನೆಲುಬು. ತಾಯಿಯ ಪಾತ್ರ ಮಾಡಿದ ಬರನೋವ್‌ಸ್ಕಾಯಾ ಅವರ ಅಭಿನಯಕ್ಕೆ ಅಷ್ಟು ತೂಕ ಬಂದದ್ದೂ ಅದರಿಂದಲೇ. ಮುಂದೆ ಅವಳು ಮಾಡುವುದೆಲ್ಲ ಈ ತಪ್ಪು ತಿಳಿದ ಮೇಲೆ ಮಾಡುವುದು.