ರೋಲ್ ಪ್ಲೇ ಸುಮ್ನೆ ನಾಟಕ ಅಲ್ಲ

ಮೆಡಿಕಲ್ ಕ್ಲಾಸಿನಲ್ಲಿ ರೋಲ್ ಪ್ಲೇ, ಅಂದರೆ ಡಾಕ್ಟರ್, ರೋಗಿ ಪಾತ್ರ ಹಾಕಿ ಮಾತಾಡುವ ಅಭ್ಯಾಸ, ಮಾಡಿಸುತ್ತಾರೆ; ಕ್ಲಾಸಿನವರ ಮುಂದೆ ಡಾಕ್ಟರ್ ಪಾತ್ರ ಮಾಡಲು ನಾಚಿಕೆ, ಇದರಿಂದ ಏನು ಕಲಿಯುವುದು ಎಂದು ಕೇಳಿದ್ದೀರಿ. ನಾಚಿಕೆ ಸಹಜ. ಗೆಳೆಯನೇ ರೋಗಿಯಾದರೆ ನಗು ಬರುತ್ತದೆ, ಅಲ್ವಾ? ಆದರೆ ಈ ಪದ್ಧತಿ ಹೊಸದಲ್ಲ: ಅಮೆರಿಕದ ನರರೋಗ ವೈದ್ಯ ಹೊವರ್ಡ್ ಬ್ಯಾರೋಸ್ 1963ರಲ್ಲೇ ತರಬೇತಿ ಕೊಟ್ಟವರನ್ನು ರೋಗಿಗಳಾಗಿ ಕೂರಿಸಿ ಕಲಿಸಲು ಶುರು ಮಾಡಿದರು.

ಡಾಕ್ಟರ್ ಪಾತ್ರಕ್ಕಿಂತ ರೋಗಿಯ ಪಾತ್ರದಲ್ಲೇ ಜಾಸ್ತಿ ಕಲಿಯಬಹುದು ಅನ್ನುವುದು ನನ್ನ ಅಭಿಪ್ರಾಯ. ಡಾಕ್ಟರ್ ಆಗಿ ಎದುರು ಕೂತವರು ಮುಖ ಎತ್ತದೆ ಬರೆಯುತ್ತಾ, 'ನೋವು ಎಲ್ಲಿ? ಯಾವಾಗಿಂದ?' ಎಂದು ಒಂದರ ಹಿಂದೆ ಒಂದು ಕೇಳುತ್ತಾರೆ. ಹೇಳಬೇಕಾದ ಭಯ ಬಾಯಲ್ಲೇ ಉಳಿಯುತ್ತದೆ. ಇದು ಪುಸ್ತಕದಿಂದ ಗೊತ್ತಾಗುವುದಿಲ್ಲ.

ಇಡೀ ಕ್ಲಾಸಿನ ಮುಂದೆ ಬೇಡ, ಮೂವರೇ ಮಾಡುತ್ತೇವೆ ಎಂದು ಮೇಷ್ಟ್ರನ್ನು ಕೇಳಿ: ಡಾಕ್ಟರ್, ರೋಗಿ, ನೋಡುವವರು ಒಬ್ಬರು. ನೋಡಿದವರು ತಪ್ಪು ಹೇಳುವ ಮೊದಲು ಚೆನ್ನಾಗಿದ್ದದ್ದನ್ನು ಹೇಳಲಿ. ಕ್ಯಾನ್ಸರ್ ಸುದ್ದಿ ತಿಳಿಸುವಂಥ ಸನ್ನಿವೇಶ ಆಮೇಲೆ ಇರಲಿ.